ಯಾವ ಮುಖಕ್ಕೆ ಯಾವ ಬ್ಲೇಡು?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಆಗ್ರಹಪಡಿಸಿದರು. ಶಾಲೆಯ ಇತಿಹಾಸ, ದಾನಿಗಳ ಔದಾರ್ಯ, ಗಡಿನಾಡಿನಲ್ಲಿ ಕನ್ನಡದ ಸ್ಥಿತಿಗತಿ ಮುಂತಾದ ಗಂಭೀರ ವಿಷಯಗಳನ್ನು ಬರೆಯಲು ನನಗಿಂತ ಸಮರ್ಥರಾದವರು ಅನೇಕರಿದ್ದಾರೆ. ಆದುದರಿಂದ ನಾನು ನಿತ್ಯೋಪಯೋಗಿಯಾದ ಒಂದು ಸಣ್ಣ ವಸ್ತುವನ್ನು ಆರಿಸಿಕೊಂಡಿದ್ದೇನೆ. ಅದು ಎರಡು ಅಲಗಿನ ಕ್ಷೌರದ ಬ್ಲೇಡು.

ಈ ಆಯ್ಕೆಗೆ ಕಾರಣವಿದೆ. ಸೋಲಾಪುರ, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಜಾತ್ರೆಗೋ ಲಗ್ನಕ್ಕೋ ಊರಿಗೆ ಬಂದಾಗ ಮನೆಗೆ ಬಂದು ಮಾತನಾಡಿಸಿ ಹೋಗುವುದುಂಟು. ಮೂರು ಅಲಗು, ಐದು ಅಲಗುಗಳ ಹೊಸ ರೇಜರುಗಳಿಗೆ ಹಣ ತೆತ್ತು ಬೇಸತ್ತ ಕೆಲವರು ತಮ್ಮ ತಂದೆಯವರ ಕಾಲದ ತಿರುಪಿನ ರೇಜರನ್ನು ಪೆಟ್ಟಿಗೆಯಿಂದ ಹೊರತೆಗೆದಿದ್ದಾರೆ. ಅವರೆಲ್ಲರ ಪ್ರಶ್ನೆ ಒಂದೇ: “ಗುರುಜಿ, ಯಾವ ಬ್ಲೇಡು ಒಳ್ಳೆಯದು?”

ಈ ಪ್ರಶ್ನೆ ಅಪೂರ್ಣವಾದದ್ದು. “ಯಾವ ಅಳತೆಯ ಚಪ್ಪಲಿ ಒಳ್ಳೆಯದು?” ಎಂದು ಕೇಳಿದರೆ ಅಂಗಡಿಯವನು ಮೊದಲು ನಮ್ಮ ಪಾದವನ್ನು ನೋಡುತ್ತಾನೆ. ಬ್ಲೇಡಿನ ವಿಷಯವೂ ಹಾಗೆಯೇ. ಎಲ್ಲರಿಗೂ ಒಳ್ಳೆಯದಾದ ಬ್ಲೇಡು ಎಂಬುದಿಲ್ಲ. ಒಂದೊಂದು ಮುಖಕ್ಕೆ ಒಗ್ಗುವ ಒಂದೊಂದು ಬ್ಲೇಡು ಇರುತ್ತದೆ. ಅದನ್ನು ಜಾಹೀರಾತಿನಿಂದಲೂ ಗೆಳೆಯರ ಮಾತಿನಿಂದಲೂ ಕಂಡುಕೊಳ್ಳಲಾಗದು. ನಾವು ವಿಜ್ಞಾನದ ತಾಸಿನಲ್ಲಿ ಕಲಿತ ಪ್ರಯೋಗದ ಕ್ರಮದಿಂದ ಮಾತ್ರ ಕಂಡುಕೊಳ್ಳಬಹುದು. ಆ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬ್ಲೇಡು ಬಂದ ಬಗೆ

ನಮ್ಮ ಹಳ್ಳಿಗಳಲ್ಲಿ ಕ್ಷೌರವೆಂಬುದು ಮನೆಯೊಳಗೆ ಮಾಡಿಕೊಳ್ಳುವ ಕೆಲಸವಾಗಿರಲಿಲ್ಲ. ಹಡಪದ ಬಂಧುಗಳು ವಾರಕ್ಕೊಮ್ಮೆ ಕಟ್ಟೆಯ ಮೇಲೋ ಗಿಡದ ನೆರಳಿನಲ್ಲೋ ಕುಳಿತು ಆ ಕಾಯಕವನ್ನು ನಡೆಸುತ್ತಿದ್ದರು. ಸುಗ್ಗಿಯ ಕಾಲಕ್ಕೆ ಅವರಿಗೆ ಜೋಳದ ರೂಪದಲ್ಲಿ ಆಯ ಸಲ್ಲುತ್ತಿತ್ತು. ಅವರ ಕೈಯಲ್ಲಿದ್ದುದು ಮಡಿಸುವ ಕತ್ತಿ. ನೆರೆಯ ಮರಾಠಿಗರು ಅದನ್ನು ವಸ್ತರಾ ಎನ್ನುತ್ತಾರೆ. ಅದನ್ನು ಕಲ್ಲಿಗೆ ಹಚ್ಚಿ, ಚರ್ಮದ ಪಟ್ಟಿಗೆ ತೀಡಿ ಹದಗೊಳಿಸುವುದೇ ಒಂದು ವಿದ್ಯೆ. ಸಾಮಾನ್ಯನಿಗೆ ಆ ವಿದ್ಯೆ ಸುಲಭಸಾಧ್ಯವಲ್ಲ.

ಕತ್ತಿಗೆ ಕಾಪನ್ನು ಜೋಡಿಸಿ ಗಾಯವಾಗದಂತೆ ಮಾಡುವ ಯತ್ನಗಳು ಯುರೋಪಿನಲ್ಲಿ 18ನೆಯ ಶತಮಾನದಷ್ಟು ಹಿಂದೆಯೇ ನಡೆದಿದ್ದವು. 1880ರಲ್ಲಿ ಅಮೆರಿಕದ ಕ್ಯಾಂಫೆ ಸಹೋದರರು ಅಂಥ ಒಂದು ರೇಜರಿಗೆ ಪೇಟೆಂಟ್ ಪಡೆದರು. ಆದರೆ ಅದರ ಅಲಗನ್ನೂ ಮತ್ತೆ ಮತ್ತೆ ಹದಗೊಳಿಸಲೇಬೇಕಾಗಿತ್ತು. ಈ ತೊಡಕನ್ನು ಬಿಡಿಸಿದವನು ಕಿಂಗ್ ಕ್ಯಾಂಪ್ ಜಿಲೆಟ್. ಬಾಟಲಿಯ ಮುಚ್ಚಳಗಳನ್ನು ತಯಾರಿಸುವ ಕಂಪನಿಯಲ್ಲಿ ಆತ ಮಾರಾಟಗಾರನಾಗಿದ್ದನು. ಮುಚ್ಚಳವನ್ನು ಒಮ್ಮೆ ಬಳಸಿ ಬಿಸಾಡುವಂತೆ ಅಲಗನ್ನೂ ಬಳಸಿ ಬಿಸಾಡುವಂತಿದ್ದರೆ ಹೇಗೆ ಎಂಬುದು ಅವನ ಯೋಚನೆ. ಅದಕ್ಕಾಗಿ ಉಕ್ಕನ್ನು ಕಾಗದದಂತೆ ತೆಳ್ಳಗೆ ಮಾಡಿ, ಗಡಸುಗೊಳಿಸಿ, ಎರಡೂ ಬದಿಗೆ ಹರಿತ ತರಬೇಕಾಗಿತ್ತು. ಸಾಧ್ಯವಿಲ್ಲವೆಂದು ಅನೇಕ ತಜ್ಞರು ಹೇಳಿದ ಈ ಕೆಲಸವನ್ನು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರು ಸಾಧಿಸಿದನು. 1903ರಲ್ಲಿ, ಮಾರಾಟದ ಮೊದಲ ವರ್ಷ, ಹೋದದ್ದು ಕೇವಲ 51 ರೇಜರು, 168 ಬ್ಲೇಡು. 1904ರ ನವೆಂಬರಿನಲ್ಲಿ ಪೇಟೆಂಟ್ ದೊರೆಯಿತು. 1918ರಲ್ಲಿ, ಮೊದಲನೆಯ ಮಹಾಯುದ್ಧ ನಡೆದಿರುವಾಗ, ಅಮೆರಿಕದ ಸರಕಾರವು ತನ್ನ ಸೈನಿಕರಿಗಾಗಿ 35 ಲಕ್ಷ ರೇಜರುಗಳನ್ನೂ 3 ಕೋಟಿ 20 ಲಕ್ಷ ಬ್ಲೇಡುಗಳನ್ನೂ ಕೊಂಡಿತು. ಸೈನಿಕರು ಮನೆಗೆ ಮರಳುವಾಗ ಆ ಅಭ್ಯಾಸವನ್ನೂ ತಮ್ಮೊಡನೆ ತಂದರು.

ಈ ಇತಿಹಾಸದಲ್ಲಿ ನಮಗೆ ಮುಖ್ಯವಾದ ಅಂಶ ಒಂದಿದೆ. ಪೇಟೆಂಟಿನ ಅವಧಿ ಮುಗಿದ ಮೇಲೆ ಜಗತ್ತಿನ ನಾನಾ ಕಡೆಯ ಕಾರ್ಖಾನೆಗಳು ಅದೇ ಆಕಾರದ ಬ್ಲೇಡುಗಳನ್ನು ತಯಾರಿಸತೊಡಗಿದವು. ಇಂದಿಗೂ ಯಾವ ಕಂಪನಿಯ ಬ್ಲೇಡಾದರೂ ಸುಮಾರು 43 ಮಿ.ಮೀ. ಉದ್ದ, 22 ಮಿ.ಮೀ. ಅಗಲ, 0.1 ಮಿ.ಮೀ. ದಪ್ಪವಿರುತ್ತದೆ, ನಡುವಿನ ಸೀಳೂ ಒಂದೇ ಬಗೆಯದು. ಅಜ್ಜನ ರೇಜರಿಗೆ ಮೊಮ್ಮಗ ಕೊಂಡುತಂದ ಬ್ಲೇಡು ಹೊಂದುತ್ತದೆ. ಹೊಸ ಮಾದರಿಯ ಹಲವು ಅಲಗಿನ ರೇಜರುಗಳಲ್ಲಿ ಈ ಅನುಕೂಲವಿಲ್ಲ. ಒಂದು ಕಂಪನಿಯ ಹಿಡಿಯನ್ನು ಕೊಂಡವನು ಅದೇ ಕಂಪನಿಯ ಅಲಗಿಗೆ ಕಟ್ಟುಬೀಳುತ್ತಾನೆ. ಎರಡು ಅಲಗಿನ ಬ್ಲೇಡಿನಲ್ಲಿ ಮಾತ್ರ ಆಯ್ಕೆಯ ಸ್ವಾತಂತ್ರ್ಯ ಬಳಸುವವನ ಕೈಯಲ್ಲಿ ಉಳಿದಿದೆ.

ಹಾಳೆಯಂಥ ಉಕ್ಕಿನಲ್ಲಿ ಏನಿದೆ?

ಎಲ್ಲ ಬ್ಲೇಡುಗಳೂ ಒಂದೇ ಆಕಾರದವಾದರೆ ಅವುಗಳಲ್ಲಿ ಭೇದವೇಕೆ? ಭೇದವಿರುವುದು ಉಕ್ಕಿನಲ್ಲಿ, ಅಲಗನ್ನು ಮಸೆದ ರೀತಿಯಲ್ಲಿ ಹಾಗೂ ಅದರ ಮೇಲಿನ ಲೇಪದಲ್ಲಿ.

ನಮ್ಮ ಹಿರಿಯರು ಬಳಸಿದ ಬ್ಲೇಡುಗಳು ಇಂಗಾಲದ ಉಕ್ಕಿನವು. ಹರಿತವಾಗಿರುತ್ತಿದ್ದರೂ ಬಹುಬೇಗ ತುಕ್ಕು ಹಿಡಿಯುತ್ತಿದ್ದವು. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿಯು ಲೇಪವಿರುವ ಸ್ಟೇನ್‌ಲೆಸ್ ಉಕ್ಕಿನ ಬ್ಲೇಡನ್ನು ಮಾರುಕಟ್ಟೆಗೆ ತಂದಿತು. ಅದರ ಬಾಳಿಕೆಯನ್ನು ಕಂಡು ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಇಂದಿನ ಬ್ಲೇಡುಗಳಲ್ಲಿ ಸಾಮಾನ್ಯವಾಗಿ ಶೇಕಡಾ 13ರಷ್ಟು ಕ್ರೋಮಿಯಂ ಬೆರೆತ ಉಕ್ಕು ಇರುತ್ತದೆ. ಕ್ರೋಮಿಯಂ ತುಕ್ಕನ್ನು ತಡೆಯುತ್ತದೆ. ಇಂಗಾಲವು ಗಡಸುತನವನ್ನು ಕೊಡುತ್ತದೆ.

ಪೊಟ್ಟಣದ ಮೇಲೆ ‘ಪ್ಲಾಟಿನಮ್’ ಎಂದು ಬರೆದಿರುವುದನ್ನು ವಾಚಕರು ನೋಡಿರಬಹುದು. ಬ್ಲೇಡು ಪ್ಲಾಟಿನಮ್ಮಿನದೆಂದು ಅದರ ಅರ್ಥವಲ್ಲ. ಅಲಗಿನ ಮೇಲೆ ಆ ಲೋಹವನ್ನೊಳಗೊಂಡ ಅತಿ ತೆಳುವಾದ ಪದರವಿದೆಯೆಂದು ಅರ್ಥ. ಅಲಗು ಬೇಗ ಮೊಂಡಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದರ ಮೇಲೆ ಟೆಫ್ಲಾನ್ ಜಾತಿಯ ನುಣುಪು ಪದರವೂ ಇರುತ್ತದೆ. ದೋಸೆ ಅಂಟದಂತೆ ತವೆಗೆ ಹಚ್ಚುವ ವಸ್ತುವೇ ಇಲ್ಲಿ ಅಲಗು ಚರ್ಮಕ್ಕೆ ಅಂಟದಂತೆ ಜಾರಿಸುತ್ತದೆ. ಆದ್ದರಿಂದ ಹರಿತ ಬೇರೆ, ಸರಾಗ ಬೇರೆ. ಕೆಲವು ಬ್ಲೇಡುಗಳು ಬಹಳ ಹರಿತ, ಆದರೆ ಉರಿ ತರುತ್ತವೆ. ಕೆಲವು ಸರಾಗವಾಗಿ ಜಾರುತ್ತವೆ, ಆದರೆ ದಟ್ಟ ಗಡ್ಡದ ಮುಂದೆ ಸೋಲುತ್ತವೆ. ಜಪಾನಿನ ಫೆದರ್ ಬ್ಲೇಡು ಅತ್ಯಂತ ಹರಿತವಾದದ್ದೆಂದು ಬಳಕೆದಾರರಲ್ಲಿ ಹೆಸರಾಗಿದೆ. ತುರ್ಕಿಯ ಡರ್ಬಿ ಮೃದುವಾದದ್ದೆಂದು ಹೆಸರಾಗಿದೆ. ನಮ್ಮ ಪೇಟೆಗಳ ಅಂಗಡಿಗಳಲ್ಲಿ ಭಾರತ್, ಅಶೋಕ್, ಟೋಪಾಜ್, ಸೂಪರ್‌ಮ್ಯಾಕ್ಸ್, ಲೇಸರ್, ಸೆವೆನ್ ಓ ಕ್ಲಾಕ್ ಮುಂತಾದ ಹೆಸರುಗಳು ಹಿರಿಯರಿಗೆ ಪರಿಚಿತ. ಇವುಗಳಲ್ಲಿ ಯಾವುದನ್ನೂ ಸಾರಾಸಗಟಾಗಿ ಮೇಲು ಅಥವಾ ಕೀಳು ಎನ್ನುವಂತಿಲ್ಲ.

ಕೂದಲಿನೆದುರು ಉಕ್ಕು ಸೋಲುವುದೇಕೆ?

ಕೂದಲಿಗಿಂತ ಉಕ್ಕು ಸುಮಾರು 50 ಪಟ್ಟು ಗಡಸು. ಆದರೂ ಕೆಲವೇ ಸಲದ ಕ್ಷೌರದಲ್ಲಿ ಬ್ಲೇಡು ಮೊಂಡಾಗುತ್ತದೆ. ಏಕೆಂಬುದು ಬಹುಕಾಲ ಸ್ಪಷ್ಟವಾಗಿರಲಿಲ್ಲ. ಅಲಗು ನಿಧಾನವಾಗಿ ಸವೆದು ಗುಂಡಗಾಗುತ್ತದೆಂದೇ ಎಲ್ಲರ ತಿಳುವಳಿಕೆಯಾಗಿತ್ತು. 2020ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಸಂಶೋಧಕರು ಇದನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಲ್ಲೊಬ್ಬ ಯುವಕನು ತನ್ನ ಗಡ್ಡವನ್ನೇ ಬೋಳಿಸಿಕೊಂಡು ಪ್ರತಿಸಲವೂ ಅಲಗನ್ನು ಪರಿಶೀಲಿಸಿದನು. ಅಲಗು ಸವೆದಿರಲಿಲ್ಲ, ಅಲ್ಲಲ್ಲಿ ಸಣ್ಣ ಚಕ್ಕೆಗಳು ಎದ್ದುಹೋಗಿದ್ದವು.

ಕಾರಣವನ್ನು ಸರಳವಾಗಿ ಹೀಗೆ ಹೇಳಬಹುದು. ಅಲಗಿನ ಉಕ್ಕು ಎಲ್ಲೆಡೆಯೂ ಏಕಪ್ರಕಾರವಾಗಿರುವುದಿಲ್ಲ. ಒಂದು ಕಡೆ ತುಸು ಗಡಸು, ಪಕ್ಕದಲ್ಲಿ ತುಸು ಮೆದು. ಕೂದಲು ನೆಟ್ಟಗೆ ನಿಲ್ಲದೆ ಬಾಗಿ, ಅಲಗಿಗೆ ಓರೆಯಾಗಿ ತಾಗಿದಾಗ ಈ ಎರಡರ ಸಂಧಿಯಲ್ಲಿ ಒತ್ತಡ ಹೆಚ್ಚಿ ಚಕ್ಕೆ ಏಳುತ್ತದೆ. ಅಂತಹ ಚಕ್ಕೆಗಳು ಹೆಚ್ಚಾದಂತೆ ಅಲಗು ಕತ್ತರಿಸುವುದನ್ನು ಬಿಟ್ಟು ಎಳೆಯತೊಡಗುತ್ತದೆ. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಒಂದು, ಒಂದೇ ಪೊಟ್ಟಣದ ಐದು ಬ್ಲೇಡುಗಳೂ ಒಂದೇ ರೀತಿ ಬಾಳಬೇಕೆಂದಿಲ್ಲ. ಎರಡು, ಕೈಯ ಒತ್ತಡವೂ ಕೋನವೂ ಬ್ಲೇಡಿನ ಆಯುಷ್ಯವನ್ನು ನಿರ್ಧರಿಸುತ್ತವೆ.

ಒಣ ಕೂದಲು ಬಿರುಸಾಗಿರುತ್ತದೆ. ನೀರನ್ನು ಹೀರಿಕೊಂಡಾಗ ಅದು ಉಬ್ಬಿ ಮೆದುವಾಗುತ್ತದೆ. ಒಣಗಿದ ಕಣಿಕೆಯನ್ನು ಕುಡುಗೋಲಿನಿಂದ ಕೊಯ್ಯುವುದಕ್ಕೂ ಹಸಿ ದಂಟನ್ನು ಕೊಯ್ಯುವುದಕ್ಕೂ ಇರುವ ಅಂತರವನ್ನು ನಮ್ಮ ರೈತ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಬೆಚ್ಚಗಿನ ನೀರಿನಿಂದ ಎರಡು ಮೂರು ನಿಮಿಷ ಮುಖವನ್ನು ನೆನೆಸಿದರೆ ಬ್ಲೇಡಿನ ಅರ್ಧ ಕೆಲಸ ಮುಗಿದಂತೆಯೇ. ಸ್ನಾನದ ನಂತರ ಕ್ಷೌರ ಮಾಡಿಕೊಂಡರೆ ಇನ್ನೂ ಸುಲಭ. ಆದರೆ ಕ್ಷೌರವಾದ ಮೇಲೆಯೇ ಸ್ನಾನವೆಂಬ ಸಂಪ್ರದಾಯವಿರುವ ಮನೆಗಳಲ್ಲಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ವಸ್ತ್ರವನ್ನು ಮುಖಕ್ಕೆ ಹಿಡಿದರೆ ಸಾಕು.

ದೋಷ ಬ್ಲೇಡಿನದೋ, ನೀರಿನದೋ?

ನಮ್ಮ ಅಕ್ಕಲಕೋಟ ಸೀಮೆಯವರು ಬ್ಲೇಡನ್ನು ದೂರುವ ಮೊದಲು ನೀರನ್ನು ಪರೀಕ್ಷಿಸಬೇಕು. ಇದು ಕಪ್ಪು ಕಲ್ಲಿನ ನಾಡು. ಬೋರಿನ ನೀರು ಬಹುತೇಕ ಕಡೆ ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಹಾಗೂ ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ಬಿಳಿಯ ಗಷ್ಟಾಗುತ್ತವೆ, ನೊರೆ ಏಳುವುದಿಲ್ಲ. ಬಟ್ಟೆ ಒಗೆಯುವ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು. ಎದ್ದ ನೊರೆಯೂ ನಿಮಿಷದೊಳಗೆ ಆರಿಹೋಗುತ್ತದೆ. ಆಗ ಅಲಗಿಗೂ ಚರ್ಮಕ್ಕೂ ನಡುವೆ ಜಾರುವ ಪದರವೇ ಇಲ್ಲದಂತಾಗಿ ಎಂಥ ಬ್ಲೇಡಾದರೂ ಕೆರೆಯುತ್ತದೆ. ದೋಷವೆಲ್ಲ ಬ್ಲೇಡಿನ ತಲೆಗೆ ಬರುತ್ತದೆ.

ಪರೀಕ್ಷೆ ಸುಲಭ. ಎರಡು ಬಾಟಲಿಗಳಲ್ಲಿ ಸಮನಾಗಿ ಬೋರಿನ ನೀರನ್ನೂ ಮಳೆಯ ನೀರನ್ನೂ ಹಾಕಿ, ಒಂದೇ ತೂಕದ ಸಾಬೂನಿನ ಚೂರನ್ನು ಕರಗಿಸಿ ಅಲುಗಾಡಿಸಿರಿ. ನೊರೆಯ ಎತ್ತರವೇ ಉತ್ತರ ಹೇಳುತ್ತದೆ. ಪರಿಹಾರವೂ ಕಷ್ಟವಲ್ಲ. ಕುದಿಸಿದಾಗ ತಾತ್ಕಾಲಿಕ ಗಡಸುತನ ಹೋಗುತ್ತದೆ. ಪಾತ್ರೆಯ ತಳದಲ್ಲಿ ಕೂಡುವ ಬಿಳಿ ಪದರ ಅದೇ. ಶಾಶ್ವತ ಗಡಸುತನ ಕುದಿಸಿದರೂ ಹೋಗದು. ಕುಡಿಯಲು ಶುದ್ಧೀಕರಿಸಿದ ನೀರನ್ನು ಇಟ್ಟಿರುವ ಮನೆಗಳಲ್ಲಿ ಅದರಿಂದಲೇ ಒಂದು ತಂಬಿಗೆ ನೀರನ್ನು ನೊರೆಗಾಗಿ ತೆಗೆದುಕೊಂಡರೆ ಸಾಕು. ಮುಖ ತೊಳೆಯಲು ಬೋರಿನ ನೀರೇ ಇರಲಿ.

ರೇಜರಿನ ಕಡೆಗೂ ಒಮ್ಮೆ ಗಮನ ಕೊಡಬೇಕು. ತಿರುಪನ್ನು ಬಿಗಿಗೊಳಿಸಿದಾಗ ಮೇಲಿನ ಮುಚ್ಚಳವು ಬ್ಲೇಡನ್ನು ಬಾಗಿಸಿ ಹಿಡಿಯುತ್ತದೆ. ಬಾಗಿದ ಹಾಳೆ ಬಿಗಿಯಾಗುತ್ತದೆ, ಅಲಗು ನಡುಗುವುದಿಲ್ಲ. ಕೆಲವು ರೇಜರುಗಳಲ್ಲಿ ಅಲಗು ಹೆಚ್ಚು ಹೊರಚಾಚಿರುತ್ತದೆ, ಕೆಲವುಗಳಲ್ಲಿ ಕಡಿಮೆ. ಮೊದಲನೆಯದಕ್ಕೆ ಅತಿ ಹರಿತದ ಬ್ಲೇಡನ್ನು ಹಾಕಿದರೆ ನವಸಿಗನ ಕೆನ್ನೆಗೆ ಕಷ್ಟ. ಬ್ಲೇಡು ಎರಡೂ ಬದಿಗೆ ಸಮನಾಗಿ ಕಾಣುವಂತೆ ಕೂಡಿಸಬೇಕು. ಹಿಡಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ ಹಿಡಿದು, ರೇಜರಿನ ತೂಕವೇ ಕೆಲಸ ಮಾಡುವಂತೆ ಬಿಡಬೇಕು. ಒತ್ತುವುದು ಸಲ್ಲದು.

ಪ್ರಯೋಗದ ಕ್ರಮ

ಈಗ ಮುಖ್ಯ ವಿಷಯಕ್ಕೆ ಬರೋಣ. ಪ್ರಯೋಗದ ಮೊದಲ ನಿಯಮವನ್ನು ನಮ್ಮ ವಿದ್ಯಾರ್ಥಿಗಳು ಮರೆತಿರಲಾರರು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಬ್ಲೇಡಿನೊಡನೆ ಸಾಬೂನನ್ನೂ ಬದಲಾಯಿಸಿದರೆ ಫಲ ಯಾವುದರಿಂದ ಬಂತೆಂದು ಹೇಳುವುದು ಅಸಾಧ್ಯ.

1. ರೇಜರು, ಸಾಬೂನು, ಬ್ರಷ್ಷು, ನೀರು, ಕ್ಷೌರದ ಹೊತ್ತು, ಎರಡು ಕ್ಷೌರಗಳ ನಡುವಿನ ಅಂತರ ಇವೆಲ್ಲವೂ ಪ್ರಯೋಗ ಮುಗಿಯುವವರೆಗೆ ಒಂದೇ ಇರಲಿ.

2. ಮೊದಲು ಮುಖದ ನಕ್ಷೆಯನ್ನು ಬರೆದುಕೊಳ್ಳಿರಿ. ಎರಡು ದಿನದ ಗಡ್ಡದ ಮೇಲೆ ಬೆರಳನ್ನು ಸವರಿ, ಯಾವ ಕಡೆಗೆ ನುಣುಪು, ಯಾವ ಕಡೆಗೆ ಒರಟು ಎಂದು ನೋಡಿ ಬಾಣದ ಗುರುತು ಹಾಕಬೇಕು. ಕೆನ್ನೆಯಲ್ಲಿ ಕೂದಲು ಸಾಮಾನ್ಯವಾಗಿ ಕೆಳಮುಖ. ಕುತ್ತಿಗೆಯಲ್ಲಿ ಮಾತ್ರ ಅದು ಅಡ್ಡವಾಗಿಯೂ ಮೇಲ್ಮುಖವಾಗಿಯೂ ಬೆಳೆದಿರಬಹುದು. ಕುತ್ತಿಗೆಯ ಉರಿಗೆ ಅನೇಕ ವೇಳೆ ಕಾರಣ ಈ ದಿಕ್ಕಿನ ಅಜ್ಞಾನವೇ.

3. ನಾಲ್ಕೈದು ಬಗೆಯ ಬ್ಲೇಡುಗಳನ್ನು ಒಂದೊಂದು ಸಣ್ಣ ಪೊಟ್ಟಣದಂತೆ ತರಬೇಕು. ಅಗ್ಗವೆಂದು ನೂರರ ಪೆಟ್ಟಿಗೆಯನ್ನು ಮೊದಲೇ ಕೊಳ್ಳಬಾರದು. ಅತ್ಯಂತ ಹರಿತವೆಂದು ಹೆಸರಾದದ್ದರಿಂದ ಆರಂಭಿಸದೆ ಮಧ್ಯಮ ಬಗೆಯಿಂದ ಆರಂಭಿಸುವುದು ಕ್ಷೇಮ.

4. ಪ್ರತಿ ಬಗೆಯಲ್ಲಿ ಎರಡು ಬ್ಲೇಡು, ಪ್ರತಿ ಬ್ಲೇಡಿನಿಂದ ನಾಲ್ಕು ಕ್ಷೌರ. ಮೊದಲ ದಿನದ ಅನುಭವದಿಂದಲೇ ತೀರ್ಪು ಕೊಡಬಾರದು. ಕೆಲವು ಬ್ಲೇಡುಗಳು ಮೊದಲ ಸಲ ಬಿರುಸಾಗಿದ್ದು ಎರಡನೆಯ ಸಲ ಹದಕ್ಕೆ ಬರುತ್ತವೆ. ಆದರೆ ಬ್ಲೇಡು ಎಳೆಯತೊಡಗಿದರೆ ಅಥವಾ ಗಾಯ ಮಾಡಿದರೆ ಲೆಕ್ಕ ತುಂಬಿಸುವುದಕ್ಕಾಗಿ ಮುಂದುವರಿಸದೆ ತೆಗೆದುಬಿಡಬೇಕು.

5. ಪ್ರತಿ ಕ್ಷೌರಕ್ಕೂ ನಾಲ್ಕು ವಿಷಯಗಳಲ್ಲಿ ಹತ್ತರಲ್ಲಿ ಇಷ್ಟೆಂದು ಅಂಕ ಕೊಡಬೇಕು. ಅಲಗು ಸರಾಗವಾಗಿ ನಡೆಯಿತೇ? ಗೀರು ಬಿತ್ತೇ? ಹತ್ತು ನಿಮಿಷದ ನಂತರ ಉರಿ ಇತ್ತೇ? ಸಂಜೆ ಕೈಯಾಡಿಸಿದರೆ ಕುಳೆ ಎಷ್ಟು ತಾಗುತ್ತದೆ? ಅಂಕಗಳನ್ನು ಅಂದೇ ಬರೆಯಬೇಕು. ಮರುದಿನದ ನೆನಪನ್ನು ನಂಬಬಾರದು.

6. ಹೆಸರಿನ ಮೋಹ ಪರೀಕ್ಷಕನನ್ನೂ ಬಿಡದು. ಸಾಧ್ಯವಾದರೆ ಮನೆಯ ಹಿರಿಯರೊಬ್ಬರು ಬ್ಲೇಡನ್ನು ರೇಜರಿಗೆ ಹಾಕಿ ಕೊಡಲಿ. ಹೆಸರು ಅವರ ಬಳಿಯೇ ಗುಪ್ತವಾಗಿರಲಿ. ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ಸಂಖ್ಯೆ ಹಾಕುವುದು ಇದೇ ಕಾರಣಕ್ಕೆ. ಚಿಕ್ಕ ಮಕ್ಕಳಿಗೆ ಮಾತ್ರ ಈ ಕೆಲಸ ಕೊಡಬಾರದು.

ನಿವೃತ್ತಿಯ ಬಿಡುವಿನಲ್ಲಿ ನಾನು ಈ ಪ್ರಯೋಗವನ್ನು ಪೂರ್ಣವಾಗಿ ನಡೆಸಿದ್ದೇನೆ. ದಿನ ಬಿಟ್ಟು ದಿನ ಕ್ಷೌರ, ಐದು ಬಗೆಗೆ ಒಟ್ಟು 40 ಕ್ಷೌರ, 80 ದಿನ. ಬ್ಲೇಡುಗಳ ಹೆಸರನ್ನು ಹೇಳದೆ ಅ, ಆ, ಇ, ಈ, ಉ ಎಂದು ಕರೆಯುತ್ತೇನೆ. ‘ಅ’ ಎಂಬುದು ಎಲ್ಲಕ್ಕಿಂತ ಹರಿತ. ಕೆನ್ನೆಯಲ್ಲಿ ಅದಕ್ಕೆ 9 ಅಂಕ, ಕುತ್ತಿಗೆಯಲ್ಲಿ 4. ‘ಆ’ ಮೀಸೆಯ ಕೆಳಗೆ ಎಳೆಯಿತು. ‘ಈ’ ಮೊದಲ ದಿನ ಉತ್ತಮ, ಮೂರನೆಯ ದಿನಕ್ಕೆ ಮೊಂಡು. ‘ಉ’ ಎಲ್ಲದರಲ್ಲಿಯೂ ಸಾಧಾರಣ. ‘ಇ’ ಯಾವ ವಿಷಯದಲ್ಲಿಯೂ ಪ್ರಥಮವಲ್ಲ, ಬೆಲೆಯಲ್ಲಿಯೂ ಮೇಲಲ್ಲ. ಆದರೆ ನಾಲ್ಕೂ ದಿನ 7ಕ್ಕಿಂತ ಕೆಳಗೆ ಇಳಿಯಲಿಲ್ಲ. ನನ್ನ ಮುಖಕ್ಕೆ ಅದೇ ಸರಿ. ಇಷ್ಟಕ್ಕೇ ಮುಗಿಯಲಿಲ್ಲ. ನನಗೆ ಒಗ್ಗದ ‘ಅ’ದ ಉಳಿದ ಬ್ಲೇಡುಗಳನ್ನು ದಟ್ಟ ಗಡ್ಡದ ನನ್ನ ತಮ್ಮನಿಗೆ ಕೊಟ್ಟೆ. ಅವನು ಅದನ್ನಲ್ಲದೆ ಈಗ ಬೇರೆ ಬ್ಲೇಡನ್ನು ಮುಟ್ಟುವುದಿಲ್ಲ. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿಯೇ ಇಷ್ಟು ಅಂತರವಿರುವಾಗ ಊರಿಗೆಲ್ಲ ಒಂದೇ ಬ್ಲೇಡನ್ನು ಹೇಗೆ ಹೇಳುವುದು? ಪ್ರಯೋಗ ಮುಗಿದ ನಂತರ ‘ಆ’ ಬ್ಲೇಡನ್ನು ಶುದ್ಧೀಕರಿಸಿದ ನೀರಿನ ನೊರೆಯೊಡನೆ ಮತ್ತೊಮ್ಮೆ ಬಳಸಿ ನೋಡಿದೆ. 4ರಿಂದ 6ಕ್ಕೆ ಏರಿತು. ಆ ಎರಡು ಅಂಕ ನೀರಿಗೆ ಸಲ್ಲಬೇಕಾದವು.

ಫಲವನ್ನು ಓದುವ ಬಗೆ

ಅಂಕಪಟ್ಟಿಯನ್ನು ನೋಡಿ ಕಾರಣವನ್ನು ಊಹಿಸುವುದು ಹೀಗೆ. ಅಲಗು ಎಳೆಯುತ್ತಿದ್ದರೆ ಕೂದಲು ನೆನೆದಿಲ್ಲ, ಇಲ್ಲವೇ ಆ ಬ್ಲೇಡಿನ ಹರಿತ ನಿಮ್ಮ ಗಡ್ಡಕ್ಕೆ ಸಾಲದು. ಎಳೆತವಿಲ್ಲದೆ ಉರಿ ಮಾತ್ರ ಇದ್ದರೆ ಹರಿತ ಹೆಚ್ಚಾಯಿತು, ಅಥವಾ ಕೈ ಒತ್ತಿತು, ಅಥವಾ ಒಂದೇ ಜಾಗದಲ್ಲಿ ಹಲವು ಸಲ ಅಲಗಾಡಿಸಲಾಯಿತು. ಗೀರುಗಳು ಗದ್ದದ ತಿರುವಿನಲ್ಲಿ ಮಾತ್ರವಿದ್ದರೆ ದೋಷ ಕೋನದ್ದು. ಮೊದಲ ದಿನ ಚೆನ್ನಾಗಿದ್ದು ಮೂರನೆಯ ದಿನಕ್ಕೆ ಕೆಡುವುದಾದರೆ ಆ ಅಲಗಿಗೆ ಬಾಳಿಕೆಯಿಲ್ಲ; ಬೆಲೆ ಕಡಿಮೆಯಿದ್ದರೆ ಎರಡೇ ಸಲ ಬಳಸಿ ತೆಗೆಯಬಹುದು.

ಗುಂಗುರು ಕೂದಲಿನವರಲ್ಲಿ ಕತ್ತರಿಸಿದ ತುದಿ ಒಳಕ್ಕೆ ಬಾಗಿ ಚರ್ಮದಲ್ಲಿ ಚುಚ್ಚಿ ಗುಳ್ಳೆಗಳಾಗುತ್ತವೆ. ಅಂಥವರು ಅತಿ ನುಣುಪಿನ ಆಸೆಯನ್ನು ಬಿಟ್ಟು, ಕೂದಲಿನ ದಿಕ್ಕಿನಲ್ಲಿ ಒಂದೇ ಸಲ ಬೋಳಿಸುವುದು ಹಿತ. ಬ್ಲೇಡನ್ನು ಎಷ್ಟು ಸಲ ಬಳಸಬೇಕೆಂಬುದಕ್ಕೂ ಸಾರ್ವತ್ರಿಕ ನಿಯಮವಿಲ್ಲ. ಅನೇಕರಿಗೆ ಮೂರರಿಂದ ಏಳು ಕ್ಷೌರ. ಪ್ರತಿಸಲ ನೀರಿನಲ್ಲಿ ಜಾಲಾಡಿಸಿ, ಕೊಡವಿ ಒಣಗಿಸಬೇಕು. ಅಲಗನ್ನು ಬಟ್ಟೆಯಿಂದ ಒರೆಸಿದರೆ ಲೇಪಕ್ಕೂ ಬೆರಳಿಗೂ ಅಪಾಯ.

ವಯಸ್ಸಾದವರ ಗಮನಕ್ಕೆ

ನಮ್ಮ ಶಾಲೆಯ ಮೊದಲ ತಂಡಗಳ ವಿದ್ಯಾರ್ಥಿಗಳೂ ಈಗ ಅಜ್ಜಂದಿರಾಗಿದ್ದಾರೆ. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಸಡಿಲವಾಗುತ್ತದೆ. ಮಡಿಕೆಗಳಲ್ಲಿ ಅಲಗು ಸಿಕ್ಕಿಕೊಳ್ಳುತ್ತದೆ. ಎಡಗೈಯಿಂದ ಚರ್ಮವನ್ನು ಮೆಲ್ಲನೆ ಎಳೆದು ಹಿಡಿದು ಸಣ್ಣ ಸಣ್ಣ ಎಳೆತಗಳಲ್ಲಿ ಬೋಳಿಸಬೇಕು. ಯೌವನದಲ್ಲಿ ಒಗ್ಗಿದ ಬ್ಲೇಡು ಎಪ್ಪತ್ತರಲ್ಲಿ ಒಗ್ಗದಿರಬಹುದು. ಪ್ರಯೋಗವನ್ನು ಮತ್ತೊಮ್ಮೆ ಮಾಡಲು ಸಂಕೋಚಪಡಬಾರದು.

ಹೃದಯರೋಗಕ್ಕಾಗಿ ಆಸ್ಪಿರಿನ್ ಮುಂತಾದ ಔಷಧಗಳನ್ನು ಸೇವಿಸುವವರಿಗೆ ಸಣ್ಣ ಗೀರಿನಿಂದಲೂ ರಕ್ತ ಬಹಳ ಹೊತ್ತು ಒಸರುತ್ತದೆ. ಅದಕ್ಕಾಗಿ ಔಷಧವನ್ನು ಬಿಡಬಾರದು. ಬ್ಲೇಡನ್ನು ಮೃದುವಾದುದಕ್ಕೆ ಬದಲಿಸಬೇಕು. ಗಾಯವನ್ನು ಶುಭ್ರ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಬೇಕು. ನೀರನ್ನು ತಿಳಿಗೊಳಿಸುವ ಪಟಿಕದ ಹರಳನ್ನು ಒದ್ದೆ ಮಾಡಿ ಸವರಿದರೆ ಸಣ್ಣ ಗೀರುಗಳು ನಿಲ್ಲುತ್ತವೆ. ಮಧುಮೇಹಿಗಳ ಗಾಯಕ್ಕೆ ಸೋಂಕು ತಗಲುವ ಸಂಭವ ಹೆಚ್ಚು, ಮಾಯುವುದು ನಿಧಾನ. ಹಳೆಯ ಬ್ಲೇಡನ್ನು ಇನ್ನೊಂದು ದಿನಕ್ಕೆಂದು ಎಳೆಯುವ ಉಳಿತಾಯ ಅವರಿಗೆ ಸಲ್ಲದು. ಕೈ ನಡುಗುವವರು ಅಲಗಿನ ಹಟ ಬಿಟ್ಟು ವಿದ್ಯುತ್ ಯಂತ್ರವನ್ನು ಬಳಸುವುದರಲ್ಲಿ ಅವಮಾನವೇನೂ ಇಲ್ಲ.

ಒಬ್ಬರ ಬ್ಲೇಡು ಇನ್ನೊಬ್ಬರಿಗಲ್ಲ

ಇಲ್ಲಿಯವರೆಗೆ ಹೇಳಿದ್ದು ಅನುಕೂಲದ ಮಾತು. ಈಗ ಹೇಳುವುದು ಜೀವದ ಮಾತು. ಕಣ್ಣಿಗೆ ಕಾಣದಷ್ಟು ರಕ್ತ ಅಲಗಿನ ಮೇಲಿದ್ದರೂ ಅದರಿಂದ ಹೆಪಟೈಟಿಸ್ ಬಿ ಹಾಗೂ ಸಿ ಎಂಬ ಯಕೃತ್ತಿನ ರೋಗಗಳು ಹರಡಬಲ್ಲವು. ಹೆಪಟೈಟಿಸ್ ಬಿ ರೋಗಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರುತ್ತದೆ. ಏಡ್ಸ್ ರೋಗದ ಬಗ್ಗೆ ಜಾಗೃತಿ ಮೂಡಿದ ಮೇಲೆ ಕ್ಷೌರದಂಗಡಿಗಳಲ್ಲಿ ಬ್ಲೇಡನ್ನು ನಡುವೆ ಮುರಿದು, ಅರ್ಧ ಬ್ಲೇಡನ್ನು ಕತ್ತಿಯಾಕಾರದ ಹಿಡಿಗೆ ಸಿಕ್ಕಿಸಿ, ಗಿರಾಕಿಗೊಂದರಂತೆ ಬದಲಿಸುವ ಪದ್ಧತಿ ಬೆಳೆಯಿತು. ಇದು ಸ್ತುತ್ಯವಾದ ಬದಲಾವಣೆ. ಹೊಸ ಬ್ಲೇಡನ್ನು ನಮ್ಮ ಕಣ್ಣೆದುರಿಗೇ ಬಿಚ್ಚುವಂತೆ ವಿನಯದಿಂದ ಕೇಳಬೇಕು. ಪರಿಚಯದವರೆಂಬ ದಾಕ್ಷಿಣ್ಯ ಇಲ್ಲಿ ಬೇಡ. ಅದರಿಂದ ಗಿರಾಕಿಗೆ ಮಾತ್ರವಲ್ಲ, ದಿನವಿಡೀ ಅಲಗು ಹಿಡಿಯುವ ಆ ಕಾಯಕಜೀವಿಗೂ ರಕ್ಷಣೆ. ಮನೆಯಲ್ಲಿಯೂ ತಂದೆ ಮಗ, ಅಣ್ಣ ತಮ್ಮಂದಿರು ರೇಜರು ಹಂಚಿಕೊಂಡರೂ ಬ್ಲೇಡನ್ನು ಹಂಚಿಕೊಳ್ಳಬಾರದು. ರೇಜರೂ ಬೇರೆಬೇರೆಯಾಗಿದ್ದರೆ ಉತ್ತಮ.

ಕೊಳ್ಳುವಾಗ ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಾದ ತಿಂಗಳು, ವರ್ಷ, ಗರಿಷ್ಠ ಬೆಲೆ ಇವು ಇವೆಯೇ ಎಂದು ನೋಡಬೇಕು. ಇವು ಕಾನೂನಿನಂತೆ ಇರಲೇಬೇಕಾದವು. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ ಮಾಡಿದ ನಕಲಿ ಮಾಲು ಸಂತೆಗಳಲ್ಲಿ ಬರುವುದುಂಟು. ಕನ್ನಡ, ಮರಾಠಿ, ಇಂಗ್ಲಿಷು ಮೂರನ್ನೂ ಓದಬಲ್ಲ ನಮ್ಮ ಗಡಿನಾಡ ಮಕ್ಕಳಿಗೆ ಇದು ಕಷ್ಟವಾಗಬಾರದು.

ಬಳಸಿದ ಬ್ಲೇಡನ್ನು ಏನು ಮಾಡಬೇಕು?

ಬಳಸಿದ ಬ್ಲೇಡಿಗೆ ನಮ್ಮ ಮನೆಗಳಲ್ಲಿ ಎರಡನೆಯ ಜನ್ಮವಿತ್ತು. ಪೆನ್ಸಿಲು ಹೆರೆಯಲು ಅದರ ತುಂಡು ಪ್ರತಿಯೊಬ್ಬ ವಿದ್ಯಾರ್ಥಿಯ ಡಬ್ಬಿಯಲ್ಲಿಯೂ ಇರುತ್ತಿತ್ತು. ಹೊಲಿಗೆ ಬಿಚ್ಚಲು ತಾಯಂದಿರಿಗೂ ಅದೇ. ವಿಜ್ಞಾನದ ತಾಸಿನಲ್ಲಿ ನೀರಿನ ಮೇಲ್ಮೈ ಬಿಗಿತವನ್ನು ತೋರಿಸಲು ಬ್ಲೇಡನ್ನು ನೀರಿನ ಮೇಲೆ ಮೆಲ್ಲನೆ ಇಟ್ಟು ತೇಲಿಸುವುದನ್ನು ಅನೇಕರು ನೆನಪಿಟ್ಟಿರಬಹುದು. ಆದರೆ ಒಬ್ಬರ ಕ್ಷೌರಕ್ಕೆ ಬಳಸಿದ ಬ್ಲೇಡು ಮಕ್ಕಳ ಡಬ್ಬಿಗೆ ಹೋಗುವುದು ಸರಿಯಲ್ಲವೆಂಬುದು ಮೇಲೆ ಹೇಳಿದ ಕಾರಣಗಳಿಂದ ಸ್ಪಷ್ಟ. ಪೆನ್ಸಿಲು ಹೆರೆಯುವ ಸಾಧನ ಈಗ ಪ್ರತಿ ಅಂಗಡಿಯಲ್ಲಿಯೂ ಸಿಗುತ್ತದೆ.

ಬಾಗಿಲಿನ ಚೌಕಟ್ಟಿನ ಸಂದಿಯಲ್ಲಿ ಸಿಕ್ಕಿಸುವುದು, ತಿಪ್ಪೆಗೆ ಎಸೆಯುವುದು ನಮ್ಮ ಊರುಗಳ ಹಳೆಯ ರೂಢಿ. ತಿಪ್ಪೆಯ ಬ್ಲೇಡು ದನದ ಹೊಟ್ಟೆಗೆ ಹೋಗಬಹುದು. ಹೊಲಕ್ಕೆ ಗೊಬ್ಬರದೊಡನೆ ಹೋಗಿ ಬರಿಗಾಲಿಗೆ ತಾಗಬಹುದು. ಕಸ ಆಯುವವರ ಕೈಯನ್ನು ಸೀಳಬಹುದು. ಇದಕ್ಕೆ ಸುಲಭ ಉಪಾಯ: ಮುಚ್ಚಳವಿರುವ ಒಂದು ತಗಡಿನ ಡಬ್ಬಿಯ ನೆತ್ತಿಯಲ್ಲಿ ಸಣ್ಣ ಸೀಳು ಮಾಡಿ, ಹುಂಡಿಯಲ್ಲಿ ಕಾಸು ಹಾಕುವಂತೆ ಬ್ಲೇಡನ್ನು ಹಾಕುತ್ತ ಹೋಗಬೇಕು. ಒಂದು ಮನೆಗೆ ಅದು ವರ್ಷಾನುಗಟ್ಟಲೆ ಸಾಕಾಗುತ್ತದೆ. ತುಂಬಿದ ಮೇಲೆ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಒಳಗೇನಿದೆಯೆಂದು ಮೇಲೆ ಬರೆದು ಗುಜರಿಯವರಿಗೆ ಕೊಡಬಹುದು.

ಒಟ್ಟಿನಲ್ಲಿ ಹೇಳಬೇಕಾದ ಮಾತು ಇಷ್ಟು. ಮೊದಲು ನೀರು, ನಂತರ ಕೈ, ಆಮೇಲೆ ಬ್ಲೇಡು. ಪರಿಶೀಲನೆಯ ಅನುಕ್ರಮ ಇದೇ ಇರಲಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿರಿ, ಕಂಡದ್ದನ್ನು ಅಂದೇ ಬರೆದಿಡಿರಿ, ಹೆಸರಿಗೆ ಮಾರುಹೋಗದೆ ನಿಮ್ಮ ಕೆನ್ನೆಯ ಸಾಕ್ಷಿಯನ್ನು ನಂಬಿರಿ. ನಮ್ಮ ಶಾಲೆಯ ಕರಿಹಲಗೆಯ ಮೇಲೆ ‘ಉದ್ದೇಶ, ಸಾಮಗ್ರಿ, ಕ್ರಮ, ಅವಲೋಕನ, ನಿರ್ಣಯ’ ಎಂದು ಬರೆಸಿದ ಐದು ಮಾತುಗಳು ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಇದ್ದವಲ್ಲ. ಕನ್ನಡದಲ್ಲಿ ಕಲಿತ ಆ ಕ್ರಮ ಎಲ್ಲಿದ್ದರೂ, ಯಾವ ಕೆಲಸಕ್ಕೂ ಉಪಯೋಗಕ್ಕೆ ಬರುತ್ತದೆ. ಐವತ್ತು ವರ್ಷ ಪೂರೈಸಿದ ಈ ಜ್ಞಾನಮಂದಿರವು ಅಂಥ ಮಕ್ಕಳನ್ನು ಇನ್ನೂ ಬಹುಕಾಲ ರೂಪಿಸುತ್ತಿರಲೆಂದು ಹಾರೈಸಿ ವಿರಮಿಸುತ್ತೇನೆ.

— ನಿವೃತ್ತ ಮುಖ್ಯಾಧ್ಯಾಪಕರು